ತಾತನ ಹೀಲಿಯೋಸ್ ಸಾಕಾ, ಹೊಸ 50 ಎಂಎಂ ಬೇಕಾ?

ತಾತನ ಹೀಲಿಯೋಸ್ 44-2 (ಹಳೆಯ ಸೋವಿಯತ್ ಲೆನ್ಸ್, 58 ಎಂಎಂ ಎಫ್/2) ಇರುವಾಗ ಸೋನಿ ಎಪಿಎಸ್-ಸಿ (ಚಿಕ್ಕ ಸೆನ್ಸರ್‌ನ) ಕ್ಯಾಮೆರಾಕ್ಕೆ ಹೊಸ 50 ಎಂಎಂ ಎಫ್/1.8 ಲೆನ್ಸ್ ಕೊಳ್ಳಬೇಕಾ ಅಂತ ಕೇಳಿದ್ದೀರಿ. ಮಗುವಿನ ಫೋಟೋ ಮುಖ್ಯ ಅಂದಿದ್ದೀರಲ್ವಾ, ಹಾಗಾದರೆ ಹೊಸದನ್ನೇ ಕೊಳ್ಳಿ. ಹೀಲಿಯೋಸ್‌ನಲ್ಲಿ ಆಟೋಫೋಕಸ್ ಇಲ್ಲ. ನೀವು ರಿಂಗ್ ತಿರುಗಿಸುವಷ್ಟರಲ್ಲಿ ಮಗು ಅಡುಗೆಮನೆ ಸೇರಿರುತ್ತದೆ.

ಹಾಗಂತ ಹಳೆಯದನ್ನು ಮಾರಬೇಡಿ. ಅದನ್ನು ನಿಮ್ಮ ಕ್ಯಾಮೆರಾಕ್ಕೆ ಕೂರಿಸುವ ಎಂ42 ಅಡಾಪ್ಟರ್ (ಎಂ42 ಅಂದರೆ ಆ ಲೆನ್ಸಿನ ಹಿಂಬದಿಯ ತಿರುಪು) ಅಂದರೆ ಸುಮಾರು 27 ಮಿ.ಮೀ. ಉದ್ದದ ಖಾಲಿ ಕೊಳವೆ, ಒಳಗೆ ಗಾಜಿಲ್ಲ, ಅಗ್ಗದ್ದೂ ನಡೆಯುತ್ತದೆ. ಕ್ಯಾಮೆರಾ ಈ ಲೆನ್ಸನ್ನು ಗುರುತಿಸಲ್ಲ, ಹಾಗಾಗಿ ಮೆನುವಿನಲ್ಲಿ ಲೆನ್ಸ್ ಇಲ್ಲದೆಯೂ ಶಟರ್ ಬೀಳುವ ಹಾಗೆ ಮಾಡಿಕೊಳ್ಳಿ, ಇಲ್ಲದಿದ್ದರೆ ಕ್ಲಿಕ್ಕೇ ಆಗಲ್ಲ. ಫೋಕಸ್ ಪೀಕಿಂಗ್ (ಫೋಕಸ್ ಆದ ಅಂಚುಗಳನ್ನು ಬಣ್ಣದಲ್ಲಿ ತೋರಿಸುವ ಸೌಲಭ್ಯ) ಹಾಕಿ, ಆದರೆ ಲೆನ್ಸ್ ಪೂರ್ತಿ ತೆರೆದ ಎಫ್/2ರಲ್ಲಿ ಅದೊಂದನ್ನೇ ನಂಬಬೇಡಿ, ದೊಡ್ಡದು ಮಾಡಿ ನೋಡಿ. ಕಣ್ಣಿನ ಬದಲು ಕಿವಿ ಶಾರ್ಪ್ ಬಂದ ಫೋಟೋಗಳು ನನ್ನ ಹತ್ತಿರ ರಾಶಿ ಇವೆ!

ಹಿಂದಿನ ಎಲೆಗಳು ಸುಳಿಯಂತೆ ಸುತ್ತುವ ಹೀಲಿಯೋಸ್‌ನ ಆ ಪ್ರಸಿದ್ಧ ಬೊಕೆ (ಹಿನ್ನೆಲೆಯ ಮಸುಕು) ನಿಮಗೆ ಕಡಿಮೆ ಸಿಗುತ್ತದೆ. ಅದು ಜಾಸ್ತಿ ಇರುವುದು ಅಂಚಿನಲ್ಲಿ, ಚಿಕ್ಕ ಸೆನ್ಸರ್ ಕತ್ತರಿಸುವುದೂ ಅದನ್ನೇ. ಹೀಲಿಯೋಸ್‌ನ 58 ಎಂಎಂ ಆ ಸೆನ್ಸರ್‌ನಲ್ಲಿ 87 ಎಂಎಂನಂತೆ, ಅಂದರೆ ಇನ್ನಷ್ಟು ಹತ್ತಿರ ಎಳೆದಂತೆ ಕಾಣುತ್ತದೆ. ಎದುರು ಬಿಸಿಲಿಗೆ ಕಾಂಟ್ರಾಸ್ಟ್ ತೊಳೆದುಹೋಗುತ್ತದೆ. ನನಗಂತೂ ಅದೇ ಇಷ್ಟ.

ಮೊದಲು ಲೆನ್ಸ್ ಒಳಗೆ ಟಾರ್ಚ್ ಬಿಟ್ಟು ನೋಡಿ. ಜೇಡರ ಬಲೆಯಂಥ ಎಳೆ ಕಂಡರೆ ಅದು ಫಂಗಸ್.