ಹೊಗೆಗೂ ಹೃದಯಕ್ಕೂ ಏನು ಸಂಬಂಧ?

ಮೈಸೂರಿನ ಓದುಗರೊಬ್ಬರು ಬರೆದಿದ್ದಾರೆ: "ನಮ್ಮ ಯಜಮಾನರು ಆಟೋ ಓಡಿಸುತ್ತಾರೆ. ಬೀಡಿ, ಸಿಗರೇಟು ಮುಟ್ಟಿದವರಲ್ಲ. ಆದರೂ ಹಾರ್ಟ್ ಅಟ್ಯಾಕ್ ಆಗಿ ಸ್ಟೆಂಟ್ ಹಾಕಿದರು. ರಸ್ತೆ ಹೊಗೆ ಜಾಸ್ತಿ ಕುಡಿಯಬೇಡಿ ಅಂತಾರೆ ಡಾಕ್ಟರು. ಹೊಗೆಯಿಂದ ಕೆಮ್ಮು, ದಮ್ಮು ಬರಬಹುದು, ಹೃದಯಕ್ಕೇನು? ಅದೂ ನಮ್ಮಂಥ ಕ್ಲೀನ್ ಸಿಟಿಯಲ್ಲಿ?"

ತಾಯಿ, ಕೊನೆಯ ಮಾತು ಮೊದಲು. 2016ರ ಸ್ವಚ್ಛ ಸರ್ವೇಕ್ಷಣೆಯಲ್ಲಿ ಮೈಸೂರು ದೇಶಕ್ಕೇ ಮೊದಲು ಬಂದಿದ್ದು ನಿಜ. ಆದರೆ ಅಲ್ಲಿ ಅಳೆದದ್ದು ಕಸ, ಶೌಚಾಲಯದ ವ್ಯವಸ್ಥೆಯನ್ನು, ಗಾಳಿಯನ್ನಲ್ಲ. ರಸ್ತೆ ಎಷ್ಟೇ ಗುಡಿಸಿರಲಿ, ಸಿಗ್ನಲ್‌ನಲ್ಲಿ ಮುಂದೆ ನಿಂತ ಬಸ್ಸಿನ ಹೊಗೆ ಆಟೋದವರ ಮುಖಕ್ಕೇ ಬಡಿಯುತ್ತದೆ.

ಕಣ್ಣಿಗೆ ಕಾಣುವ ಧೂಳು ಬಹುಪಾಲು ಮೂಗು, ಗಂಟಲಲ್ಲೇ ನಿಲ್ಲುತ್ತದೆ. ಹೆದರಬೇಕಾದ್ದು ಕಾಣದ್ದಕ್ಕೆ. ಡೀಸೆಲ್ ಹೊಗೆಯಲ್ಲಿ, ಸುಟ್ಟ ಕಸದಲ್ಲಿ ಇರುವ ಪಿಎಂ 2.5 ಕಣಗಳು ತಲೆಗೂದಲಿನ ದಪ್ಪದ ಮೂವತ್ತನೇ ಒಂದು ಪಾಲೂ ಇರುವುದಿಲ್ಲ. ಇವು ಶ್ವಾಸಕೋಶದ ತುದಿಯ ಗಾಳಿಚೀಲಗಳವರೆಗೆ ಹೋಗಿ ಅಲ್ಲಿ ಉರಿಯೂತ ಎಬ್ಬಿಸುತ್ತವೆ. ಆ ಉರಿಯೂತದ ರಾಸಾಯನಿಕಗಳು ರಕ್ತಕ್ಕೆ ಸೇರುತ್ತವೆ. ತೀರಾ ಸಣ್ಣ ಕಣಗಳಂತೂ ತಾವೇ ರಕ್ತಕ್ಕೆ ಇಳಿಯಬಲ್ಲವು. ಆಮೇಲೆ ರಕ್ತನಾಳ ಬೇಕಾದಾಗ ಸಡಿಲವಾಗುವುದಿಲ್ಲ, ಬಿಪಿ ಏರುತ್ತದೆ. ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್‌ಗಳು ಒಂದಕ್ಕೊಂದು ಬೇಗ ಅಂಟಿಕೊಳ್ಳುತ್ತವೆ. ವರ್ಷಗಟ್ಟಲೆ ಕೊಬ್ಬು ಕಟ್ಟಿದ ಜಾಗ ಒಡೆದು, ಅಲ್ಲಿ ರಕ್ತ ಹೆಪ್ಪುಗಟ್ಟಿದರೆ ಹಾರ್ಟ್ ಅಟ್ಯಾಕ್. ಮೆದುಳಿನ ನಾಳ ಕಟ್ಟಿಕೊಂಡರೆ ಸ್ಟ್ರೋಕ್.

ಹಾಗಂತ ಎಲ್ಲವನ್ನೂ ಹೊಗೆಯ ತಲೆಗೆ ಕಟ್ಟಬೇಡಿ. ಬಿಪಿ, ಶುಗರ್, ಕೊಲೆಸ್ಟ್ರಾಲ್ ಇದ್ದವರಿಗೆ ಅದು ಸೇರಿಕೊಂಡು ಕಾಟ ಕೊಡುತ್ತದೆ.

ವರ್ಷದ ಸರಾಸರಿಯಲ್ಲಿ ಪಿಎಂ 2.5 ಘನ ಮೀಟರ್ ಗಾಳಿಗೆ 5 ಮೈಕ್ರೋಗ್ರಾಂ ದಾಟಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿತು. ನಮ್ಮ ದೇಶದ ಮಿತಿ 40. ಎಂಟು ಪಟ್ಟು! ಗಾಳಿಯ ಗುಣಮಟ್ಟ ತೋರಿಸುವ ಬೋರ್ಡಿನಲ್ಲಿ 'ತೃಪ್ತಿಕರ' ಅಂತ ಬಂದರೆ ನನಗಂತೂ ತೃಪ್ತಿಯಾಗುವುದಿಲ್ಲ.

ಈಗ ಯಜಮಾನರ ವಿಷಯ. ಸ್ಟೆಂಟ್ ಹಾಕಿದ ಮೇಲೆ ಕೊಟ್ಟ ಮಾತ್ರೆಯನ್ನು ಡಾಕ್ಟರನ್ನು ಕೇಳದೆ ಬಿಡಬಾರದು. ಕರ್ಚೀಫಿಗೆ ಈ ಕಣ ನಿಲ್ಲುವುದಿಲ್ಲ, ಮುಖಕ್ಕೆ ಸರಿಯಾಗಿ ಕೂರುವ ಎನ್95 ಮಾಸ್ಕ್ ಬೇಕು. ಬಸ್ಸು, ಲಾರಿಯ ಬಾಲ ಹಿಡಿದು ಹೋಗುವುದು ಬೇಡ. ವಾಕಿಂಗ್‌ಗೆ ರಿಂಗ್ ರೋಡ್ ಬಿಟ್ಟು ಕುಕ್ಕರಹಳ್ಳಿ ಕೆರೆ ಕಡೆ ಹೋಗಲಿ. ಚಳಿಗಾಲದಲ್ಲಿ ಹೊಗೆ ನೆಲದ ಹತ್ತಿರವೇ ತಂಗಿರುತ್ತದೆ, ಬಿಸಿಲು ಬಂದ ಮೇಲೆ ಹೊರಟರೆ ಒಳ್ಳೆಯದು. ಬೆಳಗಾಗುತ್ತಲೇ ಎಲೆ ಗುಡ್ಡೆಗೆ ಬೆಂಕಿ ಇಡುವವರು ನಿಮ್ಮ ಬೀದಿಯಲ್ಲೂ ಇರಬೇಕು, ಅಲ್ವಾ? ಜಗಳವಾದರೂ ಸರಿ, ಹೇಳಿ.

ಗಾಡಿ ಓಡಿಸುವಾಗ ಎದೆ ಹಿಡಿದರೆ, ಬೆವರು ಕಿತ್ತರೆ, ಗ್ಯಾಸ್ ಅಂತ ಸೋಡಾ ಕುಡಿದು ಕೂರಬಾರದು. ಆಟೋ ಪಕ್ಕಕ್ಕೆ ಹಾಕಿ 108ಕ್ಕೆ ಫೋನ್ ಮಾಡಲಿ.

– ಸಂ.