ಬಿಸಿಲು ಬಾರದ ಮೂಲೆಯಲ್ಲಿ ದೀಪದಡಿ ಗಿಡ ಬೆಳೆಸೋದು ಹೇಗೆ?

ನಿಮ್ಮ ಪ್ರಶ್ನೆ ನನಗೆ ಅರ್ಥವಾಗಿದ್ದು ಹೀಗೆ. ಮನೆಯೊಳಗೆ ಒಂದು ಖಾಲಿ ಮೂಲೆ ಇದೆ, ನೇರ ಬಿಸಿಲು ಬರಲ್ಲ. ಅಲ್ಲಿ ಎಲ್‌ಇಡಿ ದೀಪ ಕಟ್ಟಿ ಸೊಪ್ಪು, ಪುದೀನ, ಸಾಧ್ಯವಾದರೆ ಒಂದು ಮೆಣಸಿನಕಾಯಿ ಗಿಡ ಬೆಳೆಸುವ ಆಸೆ. ಈ ಹಿಂದೆ ತಂದಿಟ್ಟ ಗಿಡಗಳು ದಿನಾ ನೀರು ಹಾಕಿದರೂ ಹಳದಿಯಾಗಿ ಸತ್ತವು. ಹಾಗಾಗಿ ಈ ಸಲ ಮೊದಲಿನಿಂದ ಸರಿಯಾಗಿ ಶುರು ಮಾಡಬೇಕು ಅಂತ ಕೇಳಿದ್ದೀರಿ.

ಖಂಡಿತ ಬೆಳೆಸಬಹುದು. ನಾನು ಹಲವು ವರ್ಷಗಳಿಂದ ದೀಪದಡಿಯಲ್ಲೇ ಗಿಡ ಬೆಳೆಸುತ್ತಿದ್ದೇನೆ. ನೀವು ಬರೆದಿದ್ದನ್ನು ಓದಿದರೆ ಆ ಗಿಡಗಳು ನೀರು ಹಾಕಿದ್ದಕ್ಕೇ ಸತ್ತಿರುವ ಸಾಧ್ಯತೆ ಜಾಸ್ತಿ. ಗಿಡ ಎಷ್ಟು ನೀರು ಕುಡಿಯುತ್ತದೆ ಅನ್ನೋದು ಅದಕ್ಕೆ ಸಿಗುವ ಬೆಳಕಿನ ಮೇಲೆ ನಿಂತಿದೆ. ಬೆಳಕು ಕಡಿಮೆ ಇದ್ದಾಗ ಎಲೆ ಹೆಚ್ಚು ಕೆಲಸ ಮಾಡಲ್ಲ, ಬೇರು ನೀರೆಳೆಯಲ್ಲ. ಹಾಕಿದ ನೀರು ಕುಂಡದಲ್ಲೇ ನಿಲ್ಲುತ್ತದೆ, ಬೇರಿಗೆ ಗಾಳಿ ಸಿಗದೆ ಕೊಳೆಯುತ್ತದೆ. ಬೇರು ಕೊಳೆತ ಗಿಡ ನೀರಿಲ್ಲದ ಗಿಡದ ಹಾಗೇ ಬಾಡಿ ಕಾಣುತ್ತದೆ. ಅದನ್ನು ನೋಡಿ ನಾವು ಇನ್ನೊಂದು ಲೋಟ ನೀರು ಹಾಕುತ್ತೇವೆ.

ಆದ್ದರಿಂದ ಮೊದಲು ಬೆಳಕು. ಉಳಿದಿದ್ದೆಲ್ಲ ಆಮೇಲೆ.

ನಮ್ಮ ಕಣ್ಣು ಬೆಳಕಿನ ವಿಷಯದಲ್ಲಿ ನಂಬಿಕೆಗೆ ಅರ್ಹವಲ್ಲ. ಮಂದ ಕೋಣೆಗೆ ಬಂದರೆ ಪಾಪೆ ಅಗಲವಾಗಿ ಎಲ್ಲವೂ ಚೆನ್ನಾಗಿ ಕಾಣುತ್ತದೆ. ಲೆಕ್ಕ ನೋಡಿದರೆ ಕಥೆಯೇ ಬೇರೆ. ಬೆಳಕನ್ನು ಲಕ್ಸ್ ಅನ್ನೋ ಮಾನದಲ್ಲಿ ಅಳೆಯುತ್ತಾರೆ. ನಡುಹಗಲಿನ ತೆರೆದ ಬಿಸಿಲು ಸುಮಾರು 1 ಲಕ್ಷ ಲಕ್ಸ್ ಇರುತ್ತದೆ. ಓದಲು ಬರೆಯಲು ಸಾಕಾಗುವಷ್ಟು ಬೆಳಕಿರುವ ಕೋಣೆಯಲ್ಲಿ 300ರಿಂದ 500 ಲಕ್ಸ್ ಅಷ್ಟೇ. ಕಿಟಕಿಯಿಂದ ಒಂದೆರಡು ಮೀಟರ್ ಒಳಗೆ ಬಂದರೂ ಬೆಳಕು ಧಡಕ್ಕನೆ ಇಳಿಯುತ್ತದೆ. ಮೆಣಸಿನ ಗಿಡದ ಮಟ್ಟಿಗೆ ಅದು ಕತ್ತಲೆಯೇ.

ಫೋನಿಗೆ ಲಕ್ಸ್ ಅಳೆಯುವ ಆ್ಯಪ್ ಉಚಿತವಾಗಿ ಸಿಗುತ್ತದೆ. ಅಳತೆ ಕರಾರುವಾಕ್ಕಾಗಿ ಇರಲ್ಲ, ಆದರೆ ಕಣ್ಣಂದಾಜಿಗಿಂತ ಎಷ್ಟೋ ಮೇಲು. ಎಲೆಯ ತುದಿ ಇರುವ ಎತ್ತರದಲ್ಲಿ ಫೋನ್ ಹಿಡಿದು, ಅದರ ಬೆಳಕಿನ ಸೆನ್ಸರ್ ದೀಪದ ಕಡೆ ಮುಖ ಮಾಡುವಂತೆ ಇಡಿ. ದೀಪದ ನೇರ ಕೆಳಗೆ ಒಮ್ಮೆ, ನಾಲ್ಕು ಮೂಲೆಗಳಲ್ಲಿ ಒಮ್ಮೊಮ್ಮೆ ನೋಡಿ. ಮೂಲೆಗಳಲ್ಲಿ ಅರ್ಧಕ್ಕರ್ಧ ಇಳಿದಿರುವುದು ಸಾಮಾನ್ಯ. ಬಿಳಿ ಎಲ್‌ಇಡಿ ಆದರೆ ಸೊಪ್ಪು, ಪುದೀನಕ್ಕೆ 12ರಿಂದ 15 ಸಾವಿರ ಲಕ್ಸ್ ಚೆನ್ನಾಗಿ ಆಗುತ್ತದೆ. ಮೆಣಸಿನಕಾಯಿ ಕಾಯಿ ಕಟ್ಟಬೇಕಾದರೆ 25ರಿಂದ 30 ಸಾವಿರ ಬೇಕು.

ದೀಪದ ಪೆಟ್ಟಿಗೆ ಮೇಲೆ ಪಿಪಿಎಫ್‌ಡಿ ಅಂತ ಇನ್ನೊಂದು ಅಳತೆ ಇರುತ್ತದೆ. ಗಿಡ ಬಳಸುವ 400ರಿಂದ 700 ನ್ಯಾನೊಮೀಟರ್ ಬೆಳಕು ಒಂದು ಚದರ ಮೀಟರಿಗೆ ಒಂದು ಸೆಕೆಂಡಿನಲ್ಲಿ ಎಷ್ಟು ಬೀಳುತ್ತದೆ ಅನ್ನೋದು ಅದು, ಮೈಕ್ರೊಮೋಲ್ (ಬೆಳಕಿನ ಕಣಗಳನ್ನು ಎಣಿಸುವ ಮಾನ) ಲೆಕ್ಕದಲ್ಲಿ. ಬಿಳಿ ಎಲ್‌ಇಡಿಗೆ ಲಕ್ಸನ್ನು 70ರಿಂದ ಭಾಗಿಸಿದರೆ ಹತ್ತಿರದ ಉತ್ತರ ಸಿಗುತ್ತದೆ. ಅಂದರೆ 14 ಸಾವಿರ ಲಕ್ಸ್ ಸುಮಾರು 200 ಮೈಕ್ರೊಮೋಲ್. ನೇರಳೆ ಬಣ್ಣದ ದೀಪಕ್ಕೆ ಈ ಲೆಕ್ಕ ಹಿಡಿಯಲ್ಲ, ಯಾಕೆಂದರೆ ಲಕ್ಸ್ ಅನ್ನೋದು ಮನುಷ್ಯನ ಕಣ್ಣಿಗಾಗಿ ಮಾಡಿದ ಅಳತೆ. ನೇರಳೆ ದೀಪ ತಗೊಳ್ಳಬೇಡಿ ಅಂತಲೇ ನನ್ನ ಸಲಹೆ. ಗಿಡ ಅದರಲ್ಲೂ ಬೆಳೆಯುತ್ತದೆ, ಆದರೆ ಎಲೆ ಹಳದಿಯಾಗಿದೆಯಾ, ಹುಳ ಬಿದ್ದಿದೆಯಾ ಅಂತ ಆ ಬೆಳಕಲ್ಲಿ ನಿಮಗೆ ಏನೂ ಗೊತ್ತಾಗಲ್ಲ. ಶುರು ಮಾಡುವವರಿಗೆ ಗಿಡ ನೋಡೋದೇ ಮುಖ್ಯ ಕೆಲಸ, ಅಲ್ವಾ?

ವ್ಯಾಟ್ ವಿಷಯದಲ್ಲಿ ಹುಷಾರು. ಪೆಟ್ಟಿಗೆ ಮೇಲೆ ದೊಡ್ಡಕ್ಷರದಲ್ಲಿ 1000 ವ್ಯಾಟ್ ಅಂತ ಇದ್ದರೂ ದೀಪ ನಿಜವಾಗಿ ಎಳೆಯೋದು ಸುಮಾರು 100 ವ್ಯಾಟ್ ಮಾತ್ರ ಇರಬಹುದು. ಸಣ್ಣಕ್ಷರದಲ್ಲಿ ಬರೆದಿರುವ ನಿಜವಾದ ಬಳಕೆ ನೋಡಿ. ಎರಡಡಿ ಉದ್ದ ಎರಡಡಿ ಅಗಲದ ಜಾಗಕ್ಕೆ ಒಳ್ಳೆಯ ಬಿಳಿ ಎಲ್‌ಇಡಿ 40ರಿಂದ 50 ವ್ಯಾಟ್ ಇದ್ದರೆ ಸೊಪ್ಪಿಗೆ ಸಾಕು. ಮೆಣಸಿನಕಾಯಿಗೆ ಅದರ ದುಪ್ಪಟ್ಟು ಬೇಕು. 40 ವ್ಯಾಟ್ ದೀಪ ದಿನಕ್ಕೆ 14 ಗಂಟೆ ಉರಿದರೆ ತಿಂಗಳಿಗೆ ಸುಮಾರು 17 ಯೂನಿಟ್ ಕರೆಂಟ್ ಆಗುತ್ತದೆ. ಇದನ್ನು ಮೊದಲೇ ಲೆಕ್ಕ ಹಾಕಿಕೊಳ್ಳಿ.

ದಿನಕ್ಕೆ 14ರಿಂದ 16 ಗಂಟೆ ದೀಪ ಉರಿಯಲಿ, ಉಳಿದ ಹೊತ್ತು ಕತ್ತಲೆ ಇರಲಿ. ಇಡೀ ದಿನ ಉರಿಸಿದರೆ ಬೇಗ ಬೆಳೆಯುತ್ತದೆ ಅಂದುಕೊಳ್ಳಬೇಡಿ. ಬಿಡುವಿಲ್ಲದ ಬೆಳಕಿಗೆ ಟೊಮೆಟೊದಂಥ ಗಿಡಗಳ ಎಲೆ ಹಳದಿ ಕಲೆ ಬಿದ್ದು ಹಾಳಾಗುತ್ತದೆ. ಒಂದು ಟೈಮರ್ ತಗೊಂಡುಬಿಡಿ. ಕೈಯಲ್ಲಿ ಹಾಕಿ ಆರಿಸ್ತೀನಿ ಅಂದುಕೊಂಡರೆ ಒಂದು ವಾರ ನಡೆಯುತ್ತದೆ, ಆಮೇಲೆ ಮರೆತುಹೋಗುತ್ತದೆ.

ಬೆಳಕು ಸಾಲದು ಅಂತ ಗಿಡವೇ ಹೇಳುತ್ತದೆ. ಮೊಳಕೆ ಬಂದ ಮೂರ್ನಾಲ್ಕು ದಿನಕ್ಕೆ ಸಸಿಯ ಕಾಂಡ ದಾರದಷ್ಟು ತೆಳ್ಳಗಾಗಿ, ಬಿಳಿಚಿಕೊಂಡು, ಬೆರಳುದ್ದ ಎದ್ದು ಒಂದು ಕಡೆ ವಾಲಿದ್ದರೆ ಅದು ಬೆಳಕು ಹುಡುಕುತ್ತಾ ಹೋಗಿದೆ ಅಂತ ಅರ್ಥ. ಎಷ್ಟೋ ಜನ ಅದನ್ನು ನೋಡಿ "ಏನು ಬೇಗ ಬೆಳೀತಿದೆ" ಅಂತ ಖುಷಿಪಡುತ್ತಾರೆ. ಬೆಳಕು ಸರಿ ಇರುವ ಸಸಿ ಗಿಡ್ಡಗೆ, ಗಟ್ಟಿಯಾಗಿ ಕೂತಿರುತ್ತದೆ, ಎಲೆ ಅಡ್ಡಕ್ಕೆ ಹರಡಿರುತ್ತದೆ. ವಾಲಿದ ಸಸಿ ಕಂಡರೆ ದೀಪವನ್ನು ಸ್ವಲ್ಪ ಕೆಳಗಿಳಿಸಿ. ತೀರಾ ಹತ್ತಿರವಾದರೆ ತುದಿಯ ಎಲೆಗಳು ಬಿಳಿಚುತ್ತವೆ, ಅಂಚು ಮಡಚಿಕೊಳ್ಳುತ್ತವೆ. ಆಗ ಒಂದು ಗೇಣು ಮೇಲಕ್ಕೆತ್ತಿ. ದೀಪವನ್ನು ಏರಿಸಿ ಇಳಿಸಲು ಬರುವ ಹಾಗೆ ಸರಪಳಿಯಲ್ಲೋ ಹಗ್ಗದಲ್ಲೋ ತೂಗುಹಾಕಿದರೆ ಈ ಕೆಲಸ ಸುಲಭ.

ಈಗ ನೀರು. "ಎಷ್ಟು ದಿನಕ್ಕೊಮ್ಮೆ" ಅನ್ನೋ ಪ್ರಶ್ನೆಯನ್ನೇ ಬಿಟ್ಟುಬಿಡಿ. ಕುಂಡ ಎತ್ತಿ ನೋಡಿ. ಮೊದಲ ಸಲ ಒಣಗಿದ ಮಿಶ್ರಣ ತುಂಬಿದಾಗ ಒಮ್ಮೆ ಎತ್ತಿ, ನೀರು ಹಾಕಿ ಕೆಳಗಿನ ತೂತಿನಿಂದ ಹರಿದ ಮೇಲೆ ಇನ್ನೊಮ್ಮೆ ಎತ್ತಿ. ಎರಡಕ್ಕೂ ಇರುವ ವ್ಯತ್ಯಾಸ ಕೈಗೆ ಚೆನ್ನಾಗಿ ತಿಳಿಯುತ್ತದೆ. ಕುಂಡ ಹಗುರಾದಾಗ ನೀರು ಹಾಕಬೇಕು, ಮೇಲ್ಮಣ್ಣು ಒಣಗಿ ಕಂಡಾಗ ಅಲ್ಲ. ಮೇಲೆ ಒಣಗಿದ್ದರೂ ಎರಡು ಗೆಣ್ಣು ಬೆರಳು ಇಳಿಸಿದರೆ ಒಳಗೆ ತೇವ ಇರುತ್ತದೆ. ಹಾಕುವಾಗ ಮಾತ್ರ ಪೂರ್ತಿ ಹಾಕಿ, ಕೆಳಗಿಂದ ಹರಿಯುವಷ್ಟು. ತಟ್ಟೆಯಲ್ಲಿ ನಿಂತ ನೀರನ್ನು ಅರ್ಧ ಗಂಟೆಯೊಳಗೆ ಚೆಲ್ಲಿ. ದಿನಾ ಒಂದು ಚಮಚ, ಎರಡು ಚಮಚ ಹಾಕೋದು ಎಲ್ಲಕ್ಕಿಂತ ಕೆಟ್ಟ ಅಭ್ಯಾಸ. ಮೇಲೆ ಸದಾ ಹಸಿ, ಕೆಳಗಿನ ಬೇರಿಗೆ ಏನೂ ಇಲ್ಲ.

ಮೇಲ್ಮಣ್ಣು ಸದಾ ಹಸಿಯಾಗಿದ್ದರೆ ಇನ್ನೊಂದು ತೊಂದರೆ ಇದೆ. ಕುಂಡ ಮುಟ್ಟಿದಾಗ ಸಣ್ಣ ಕಪ್ಪು ನೊಣಗಳು ಏಳುತ್ತವೆ, ಮುಖದ ಹತ್ತಿರ ಸುತ್ತುತ್ತವೆ. ಅವುಗಳ ಮರಿಹುಳು ಮಣ್ಣಿನ ಮೇಲಿನ ಎರಡು ಮೂರು ಸೆಂಟಿಮೀಟರ್ ತೇವದಲ್ಲೇ ಬದುಕುತ್ತದೆ, ಎಳೆ ಸಸಿಯ ಬೇರು ತಿನ್ನುತ್ತದೆ. ಹಳದಿ ಅಂಟು ಕಾಗದ ಹಾರುವ ನೊಣವನ್ನು ಮಾತ್ರ ಹಿಡಿಯುತ್ತದೆ. ಮೇಲಿನ ಪದರ ಪೂರ್ತಿ ಒಣಗಲು ಬಿಟ್ಟು, ಕೆಲವು ವಾರ ತಟ್ಟೆಯಿಂದ ನೀರು ಕುಡಿಸಿದರೆ ಮರಿಗಳಿಗೆ ಜಾಗವೇ ಇರಲ್ಲ. ತಟ್ಟೆಗೆ ನೀರು ಹಾಕಿ, ಕುಂಡ ಭಾರವಾದ ಮೇಲೆ ಉಳಿದದ್ದನ್ನು ಚೆಲ್ಲಿ, ಅಷ್ಟೇ.

ಕುಂಡಕ್ಕೆ ತೋಟದ ಮಣ್ಣು ಬೇಡ. ನೆಲದಲ್ಲಿ ಎರೆಹುಳು ಮತ್ತು ಬೇರುಗಳು ಅದನ್ನು ಸಡಿಲ ಮಾಡುತ್ತಿರುತ್ತವೆ, ಕುಂಡದಲ್ಲಿ ಅದು ಇಟ್ಟಿಗೆಯ ಹಾಗೆ ಗಟ್ಟಿಯಾಗುತ್ತದೆ. ಎರಡು ಪಾಲು ಕೋಕೋಪೀಟ್ (ತೆಂಗಿನ ನಾರಿನ ಪುಡಿ), ಒಂದು ಪಾಲು ಎರೆಗೊಬ್ಬರ, ಒಂದು ಪಾಲು ಪರ್ಲೈಟ್ (ಹಗುರವಾದ ಬಿಳಿ ಕಲ್ಲಿನ ಹರಳು) ಕಲಸಿದರೆ ನೀರೂ ಹಿಡಿಯುತ್ತದೆ, ಗಾಳಿಯೂ ಆಡುತ್ತದೆ. ಕೋಕೋಪೀಟಿನಲ್ಲಿ ಉಪ್ಪಿನಂಶ ಇರುತ್ತದೆ. ಕಂದು ನೀರು ತಿಳಿಯಾಗುವವರೆಗೆ ಎರಡು ಮೂರು ಸಲ ತೊಳೆದು ಹಿಂಡಿ ಬಳಸಿ. ಕುಂಡದ ತಳದಲ್ಲಿ ತೂತು ಇರಲೇಬೇಕು, ಇದರಲ್ಲಿ ರಾಜಿ ಇಲ್ಲ.

ಗೊಬ್ಬರದ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಮೊದಲ ಕೆಲವು ವಾರ ಎರೆಗೊಬ್ಬರ ಸಾಕು. ಆಮೇಲೆ ದ್ರವ ಗೊಬ್ಬರವನ್ನು ಪೆಟ್ಟಿಗೆ ಮೇಲೆ ಹೇಳಿದ್ದರ ಅರ್ಧ ಪ್ರಮಾಣದಲ್ಲಿ ಎರಡು ವಾರಕ್ಕೊಮ್ಮೆ ಕೊಡಿ. ಎಲೆ ಹಳದಿಯಾದರೆ ಎಲ್ಲಿಂದ ಶುರುವಾಯಿತು ನೋಡಿ. ಕೆಳಗಿನ ಹಳೆಯ ಎಲೆ ಇಡಿಯಾಗಿ ಹಳದಿಯಾಗಿದ್ದರೆ ಸಾರಜನಕ ಕಡಿಮೆ ಇರಬಹುದು. ಗಿಡ ಅದನ್ನು ಹಳೆ ಎಲೆಯಿಂದ ಕಿತ್ತು ಹೊಸ ಚಿಗುರಿಗೆ ಕೊಡುತ್ತದೆ. ನರಗಳು ಹಸಿರಾಗಿಯೇ ಇದ್ದು ಹೊಸ ಎಲೆಯಲ್ಲಿ ನರಗಳ ನಡುವಿನ ಜಾಗ ಹಳದಿಯಾದರೆ ಕಬ್ಬಿಣದ ಕೊರತೆ ಇರಬಹುದು. ಎಲ್ಲ ಎಲೆಯೂ ಒಟ್ಟಿಗೆ ಸೊರಗಿ, ಮಣ್ಣಿನಿಂದ ಕೊಳೆತ ವಾಸನೆ ಬಂದರೆ ಗೊಬ್ಬರ ಮುಟ್ಟಬೇಡಿ, ಅದು ಬೇರಿನ ಸಮಸ್ಯೆ.

ಒಂದು ಸಣ್ಣ ಫ್ಯಾನ್ ಇಡಿ. ಎಲೆ ಲಘುವಾಗಿ ಅಲ್ಲಾಡುವಷ್ಟು ಗಾಳಿ ಸಾಕು. ಅಲ್ಲಾಡಿದ ಗಿಡದ ಕಾಂಡ ಗಟ್ಟಿಯಾಗುತ್ತದೆ, ಎಲೆ ಮೇಲೆ ತೇವ ನಿಲ್ಲಲ್ಲ, ಬುಡದಲ್ಲೇ ಕೊಳೆತು ಸಸಿ ಬೀಳುವ ರೋಗವೂ ಕಡಿಮೆಯಾಗುತ್ತದೆ. ಒಣ ಗಾಳಿ ಮತ್ತು ಸೆಕೆ ಸೇರಿದರೆ ನುಸಿ ಬರುತ್ತದೆ. ಎಲೆ ಮೇಲೆ ಸೂಜಿ ಚುಚ್ಚಿದಂಥ ತಿಳಿ ಚುಕ್ಕೆ ಕಂಡರೆ ಎಲೆಯಡಿ ಬಿಳಿ ಕಾಗದ ಹಿಡಿದು ತಟ್ಟಿ. ಉದುರಿದ ಧೂಳು ನಡೆದಾಡಿದರೆ ಅದು ನುಸಿಯೇ. ಎಲೆಯ ಅಡಿಭಾಗವನ್ನು ನೀರಲ್ಲಿ ಚೆನ್ನಾಗಿ ತೊಳೆಯಿರಿ. ಮೊಟ್ಟೆ ಉಳಿದಿರುತ್ತದೆ, ಹಾಗಾಗಿ ಮೂರ್ನಾಲ್ಕು ದಿನಕ್ಕೊಮ್ಮೆ ಮತ್ತೆ ಮತ್ತೆ ಮಾಡಬೇಕು.

ಯಾವ ಗಿಡದಿಂದ ಶುರು ಮಾಡೋದು? ಪುದೀನ. ಬೀಜ ಬೇಡ. ಒಂದು ಗಟ್ಟಿ ಕಡ್ಡಿಯ ಕೆಳಗಿನ ಎಲೆ ತೆಗೆದು ನೀರಲ್ಲಿ ನಿಲ್ಲಿಸಿದರೆ ಒಂದೆರಡು ವಾರದಲ್ಲಿ ಗೆಣ್ಣಿನಿಂದ ಬಿಳಿ ಬೇರು ಬರುತ್ತದೆ. ನೆಟ್ಟ ಮೇಲೆ ತುದಿಯನ್ನು ಗೆಣ್ಣಿನ ಮೇಲೆ ಚಿವುಟಿ. ಅಲ್ಲಿಂದ ಎರಡು ಕವಲು ಒಡೆಯುತ್ತವೆ. ಪುದೀನ ನಿಮ್ಮ ಕೈಗೆ ಹತ್ತಿದ ಮೇಲೆ ಸೊಪ್ಪಿಗೆ ಹೋಗಿ.

ಮೆಣಸಿನಕಾಯಿ ಕೊನೆಗೆ ಇಟ್ಟುಕೊಳ್ಳಿ, ಅದಕ್ಕೆ ತಾಳ್ಮೆ ಬೇಕು. ಬೀಜವನ್ನು ಅರ್ಧ ಸೆಂಟಿಮೀಟರ್ ಆಳಕ್ಕೆ ಹಾಕಿ, 25ರಿಂದ 30 ಡಿಗ್ರಿ ಬೆಚ್ಚಗಿಟ್ಟರೆ ಮೊಳಕೆಗೆ ಒಂದೆರಡು ವಾರ ಹಿಡಿಯುತ್ತದೆ. ಬೆಳೆದು ಹೂ ಬಂದಾಗ ಇನ್ನೊಂದು ಕೆಲಸ ನಿಮ್ಮದೇ. ಒಂದೇ ಹೂವಲ್ಲಿ ಗಂಡು, ಹೆಣ್ಣು ಎರಡೂ ಭಾಗ ಇರುತ್ತವೆ, ಆದರೆ ಪರಾಗ ಉದುರಲು ಮನೆಯೊಳಗೆ ಜೋರು ಗಾಳಿಯೂ ಇಲ್ಲ, ದುಂಬಿಯೂ ಇಲ್ಲ. ಹೂ ಅರಳಿದ ದಿನಗಳಲ್ಲಿ ಕೊಂಬೆಯನ್ನು ಬೆರಳಲ್ಲಿ ಮೆಲ್ಲಗೆ ತಟ್ಟಿ, ಇಲ್ಲವೇ ಸಣ್ಣ ಬ್ರಷ್‌ನಿಂದ ಹೂವಿನ ನಡುವೆ ಸವರಿ. ಬ್ರಷ್ ತುದಿಗೆ ಪುಡಿ ಅಂಟಿದ್ದು ಕಾಣಿಸಿದರೆ ಕೆಲಸ ಆಯಿತು. ದಳ ಒಣಗಿ ಉದುರಿ, ತೊಟ್ಟಿನ ತುದಿಯಲ್ಲಿ ಹಸಿರು ಗುಂಡು ಉಳಿದರೆ ಕಾಯಿ ಕಟ್ಟಿದೆ. ಹೂ ತೊಟ್ಟಿನ ಸಮೇತ ಬಿದ್ದರೆ ದೀಪದಡಿ ಎಷ್ಟು ಸೆಕೆ ಇದೆ ಅಂತ ಮೊದಲು ನೋಡಿ. 32 ಡಿಗ್ರಿ ದಾಟಿದರೆ ಮೆಣಸಿನ ಹೂ ಉದುರುವುದು ಸಹಜ.

ಕೊನೆಗೆ ಒಂದು ಎಚ್ಚರಿಕೆ. ನೀರು ಮತ್ತು ಕರೆಂಟ್ ಒಂದೇ ಮೂಲೆಯಲ್ಲಿ ಇರುತ್ತವೆ. ಪ್ಲಗ್ ಬೋರ್ಡ್ ನೆಲದ ಮೇಲೆ ಬೇಡ, ಕುಂಡಗಳಿಗಿಂತ ಎತ್ತರದಲ್ಲಿ ಗೋಡೆಗೆ ಕಟ್ಟಿ. ವೈರು ಪ್ಲಗ್ಗಿಗೆ ಸೇರುವ ಮೊದಲು ಸ್ವಲ್ಪ ಕೆಳಗೆ ಜೋತುಬಿದ್ದು ಮೇಲೇರಲಿ, ಆಗ ಹರಿದು ಬಂದ ನೀರು ಅಲ್ಲೇ ತೊಟ್ಟಿಕ್ಕುತ್ತದೆ. ನೀರು ಹಾಕುವಾಗ, ಸಿಂಪಡಿಸುವಾಗ ದೀಪ ಆರಿಸಿ.

ದೀಪ ತರುವ ಮುಂಚೆ ಆ ಮೂಲೆಯಲ್ಲಿ ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಲಕ್ಸ್ ಅಳೆದು, ಜಾಗದ ಉದ್ದಗಲದ ಜೊತೆ ನನಗೆ ತಿಳಿಸಿ. ಎಷ್ಟು ವ್ಯಾಟಿನ ದೀಪ ಸಾಕು ಅಂತ ಕೂತು ಲೆಕ್ಕ ಹಾಕಿಕೊಡುತ್ತೇನೆ.