ಕೌದಿ ಹೊಲಿಯುವವರು ಪತ್ತೇದಾರಿ ಕಾದಂಬರಿ ಬರೆಯಬಹುದೇ?

ಪ್ರಶ್ನೆ: ನಾನು ಧಾರವಾಡದ ಕಡೆಯವಳು. ಅವ್ವ ಕಲಿಸಿದ ಕೌದಿ ಹೊಲಿಗೆಯನ್ನು ಇಂದಿಗೂ ಬಿಟ್ಟಿಲ್ಲ. ಪತ್ತೇದಾರಿ ಕಾದಂಬರಿ ಅಂದರೆ ಪ್ರಾಣ. ಹೊಲಿಗೆಯನ್ನೇ ಇಟ್ಟುಕೊಂಡು ಒಂದು ಕಾದಂಬರಿ ಬರೆಯುವ ಆಸೆ. ಆದರೆ ಪೊಲೀಸು, ಕೋರ್ಟು ಏನೂ ಗೊತ್ತಿಲ್ಲ. ನನ್ನಿಂದ ಆಗುತ್ತಾ?

ಉತ್ತರ: ಖಂಡಿತ ಆಗುತ್ತದೆ. ಅಮೆರಿಕದ ಅರ್ಲೀನ್ ಫೌಲರ್ ಅವರ ಮೊದಲ ಪತ್ತೇದಾರಿ ಕಾದಂಬರಿ ಬಂದದ್ದು 1994ರಲ್ಲಿ. ಅದರಿಂದ ಶುರುವಾದ ಸರಣಿಯ ಪುಸ್ತಕಗಳಿಗೆ ಅವರು ಅಲ್ಲಿನ ಕೌದಿ ವಿನ್ಯಾಸಗಳ ಹೆಸರನ್ನೇ ಇಟ್ಟರು.

ಆದರೆ ನೀವು ಮೊದಲು ಓದಬೇಕಾದ್ದು ಸೂಸನ್ ಗ್ಲಾಸ್ಪೆಲ್ 1916ರಲ್ಲಿ ಬರೆದ ‘ಟ್ರೈಫಲ್ಸ್’ ಎಂಬ ಏಕಾಂಕ ನಾಟಕ. ಅವರು ವರದಿಗಾರ್ತಿಯಾಗಿದ್ದಾಗ ಅಮೆರಿಕದ ಅಯೋವಾ ರಾಜ್ಯದಲ್ಲಿ ನಡೆದ ಒಂದು ಕೊಲೆಯೇ ಅದಕ್ಕೆ ಮೂಲ. ನಾಟಕದಲ್ಲಿ ರೈತನೊಬ್ಬ ಕೊಲೆಯಾಗಿದ್ದಾನೆ, ಹೆಂಡತಿ ಜೈಲಿನಲ್ಲಿದ್ದಾಳೆ. ಗಂಡಸರು ಮನೆಯೆಲ್ಲ ಜಾಲಾಡುತ್ತಾರೆ. ಕೊಲೆಗೆ ಕಾರಣ ಸಿಗುವುದಿಲ್ಲ. ಅಡುಗೆಮನೆಯಲ್ಲಿರುವ ಇಬ್ಬರು ಹೆಂಗಸರ ಕಣ್ಣಿಗೆ ಅವಳು ಅರ್ಧ ಹೊಲಿದಿಟ್ಟ ಕೌದಿ ಬೀಳುತ್ತದೆ. ಎಲ್ಲ ಕಡೆ ಹೊಲಿಗೆ ಒಂದೇ ಸಮ, ಒಂದು ತುಂಡಿನಲ್ಲಿ ಮಾತ್ರ ಅಡ್ಡಾದಿಡ್ಡಿ. ಇಬ್ಬರಲ್ಲಿ ಒಬ್ಬಳು ಆ ಹೊಲಿಗೆಯನ್ನು ಬಿಚ್ಚಿ ಸರಿಮಾಡಲು ಶುರು ಮಾಡುತ್ತಾಳೆ. ಮುಂದಿನದನ್ನು ನೀವೇ ಓದಿ.

ಇಲ್ಲಿ ಹೊಲಿಗೆ ಕಥೆಗೆ ಅಲಂಕಾರವಲ್ಲ, ಅದೇ ಸುಳಿವು. ಹೊಸಬರು ಎಡವುವುದೇ ಇಲ್ಲಿ. ನಾಯಕಿ ಕೌದಿ ಹೊಲಿಯುತ್ತಾಳೆ, ಆದರೆ ಕೊಲೆಗಾರ ಸಿಕ್ಕಿಬೀಳುವುದು ಫೋನ್ ಕರೆಯಿಂದ. ಹಾಗಾದರೆ ಕೌದಿ ಯಾಕೆ ಬೇಕಿತ್ತು ಹೇಳಿ?

ನಿಮಗೆ ಗೊತ್ತಿರುವುದನ್ನೇ ಒಮ್ಮೆ ಯೋಚಿಸಿ. ಹಳೇ ತೇಪೆ ಬಿಚ್ಚಿದರೆ ಅದರಡಿಯ ಬಟ್ಟೆ ಬಿಸಿಲು ಕಾಣದೆ ಬಣ್ಣ ಉಳಿಸಿಕೊಂಡಿರುತ್ತದೆ. ಮೊನ್ನೆ ಹಾಕಿದ ತೇಪೆಯಾದರೆ ಅಡಿಯೂ ಸುತ್ತಲಿನಷ್ಟೇ ಮಾಸಿರುತ್ತದೆ. ಈಗ ಒಬ್ಬ, ‘ಈ ತೇಪೆ ಅಜ್ಜಿ ಕಾಲದ್ದು’ ಎನ್ನುತ್ತಾನೆ. ನಿಮ್ಮ ನಾಯಕಿ ಅದರ ಅಂಚು ಎತ್ತಿ ನೋಡುತ್ತಾಳೆ. ಅಡಿಯೂ ಮಾಸಿದೆ. ಅವನು ಸುಳ್ಳು ಹೇಳುತ್ತಿದ್ದಾನೆ, ಅಲ್ವಾ? ಆ ಪದರಗಳ ನಡುವೆ ಅವನು ಏನು ಬಚ್ಚಿಟ್ಟಿದ್ದಾನೆ? ಇದಕ್ಕೆ ಪೊಲೀಸ್ ಜ್ಞಾನ ಬೇಕಿಲ್ಲ. ತನಿಖೆಯ ವಿವರ ಅಗತ್ಯ ಬಿದ್ದಾಗ ಒಬ್ಬ ವಕೀಲರನ್ನು ಕೇಳಿದರಾಯಿತು.

ಒಂದು ಎಚ್ಚರಿಕೆ. ಬಿಸಿಲು ಮತ್ತು ಬಣ್ಣದ ಈ ಸಂಗತಿ ಓದುಗರಿಗೆ ಕೊನೆಯಲ್ಲಿ ತಿಳಿದರೆ ಅದು ಮೋಸ. ಮೂರನೇ ಅಧ್ಯಾಯದಲ್ಲೇ ನಾಯಕಿ ಸೊಸೆಗೆ ಹೊಲಿಗೆ ಕಲಿಸುವಾಗ ಸುಮ್ನೆ ಮಾತಿನಲ್ಲಿ ಬಂದುಹೋಗಲಿ. ಓದುಗರು ಅದನ್ನು ಮರೆಯಬೇಕು, ಆಮೇಲೆ ನೆನಪಾಗಿ ಹಣೆ ಚಚ್ಚಿಕೊಳ್ಳಬೇಕು.

ನೇರ ಕಾದಂಬರಿಗೆ ಕೈ ಹಾಕಬೇಡಿ. ಇದೇ ಸುಳಿವಿನ ಮೇಲೆ ಮೊದಲು ಹತ್ತು ಪುಟದ ಕಥೆ ಬರೆಯಿರಿ. ಯಾರು ಮಾಡಿದರು, ಯಾಕೆ ಮಾಡಿದರು ಎಂಬುದನ್ನು ಮೊದಲೇ ತೀರ್ಮಾನಿಸಿ, ಅಲ್ಲಿಂದ ಹಿಂದಕ್ಕೆ ಬನ್ನಿ. ಬರೆದಾದ ಮೇಲೆ ಸೂಜಿಯನ್ನೇ ಹಿಡಿಯದ ಒಬ್ಬರಿಗೆ ಓದಲು ಕೊಡಿ. ತೇಪೆಯ ಗುಟ್ಟು ಅವರಿಗೆ ಅರ್ಥವಾಗದಿದ್ದರೆ ಹೊಲಿಗೆ ಕಲಿಸುವ ಆ ಭಾಗವನ್ನು ಮತ್ತೆ ಬರೆಯಿರಿ.